ಸಂಡೀಲಾದ ಬೇಗಂ ಐಜಾಜ್ ರಸೂಲ್

ಕನ್ನಡ ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ಅವಧ ಸೀಮೆಯ ಬೇಗಂ ಒಬ್ಬರ ಚರಿತ್ರೆಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ನಮ್ಮ ಸಂಘದ ಸಂಪಾದಕ ಮಂಡಲಿಯವರೂ ಅದನ್ನೇ ಕೇಳಿದರು. ಕಿತ್ತೂರು ಚೆನ್ನಮ್ಮನವರ ಮೇಲೆ, ಸರ್ ಎಂ. ವಿಶ್ವೇಶ್ವರಯ್ಯನವರ ಮೇಲೆ, ಆಲೂರು ವೆಂಕಟರಾಯರ ಮೇಲೆ ಪ್ರತಿವರ್ಷವೂ ಲೇಖನಗಳು ಬರುತ್ತಲೇ ಇವೆ. ಬರಲಿ, ಅವರೆಲ್ಲ ಪ್ರಾತಃಸ್ಮರಣೀಯರೇ. ಆದರೆ ಹುಟ್ಟಿದ ನಾಡನ್ನು ಬಿಟ್ಟು ದಿಲ್ಲಿಯಲ್ಲಿ ಮನೆ ಹೂಡಿದ ನಾವು, ಈ ನೆರೆಹೊರೆಯಲ್ಲಿ ಆಗಿಹೋದ ದೊಡ್ಡವರನ್ನೂ ಅಷ್ಟಿಷ್ಟು ತಿಳಿದುಕೊಂಡರೆ ನಷ್ಟವೇನೂ ಇಲ್ಲವೆಂದು ಉತ್ತರ ಕೊಟ್ಟೆವು. ಮಂಡಲಿಯವರು ಒಪ್ಪಿದರು.

ನಮಗೆ ಈ ಮಹಿಳೆಯ ಪರಿಚಯವಾದದ್ದು ಪುಸ್ತಕದಿಂದಲ್ಲ, ಲಾಡುವಿನಿಂದ. ಬ್ಯಾಂಕಿನ ತರಬೇತಿಗೆಂದು ಒಮ್ಮೆ ಲಕ್ನೋಗೆ ಹೊರಟಿದ್ದೆವು. ಹರ್ದೋಯಿ ದಾಟಿದ ಮೇಲೆ ಸಂಡೀಲಾ ಎಂಬ ನಿಲ್ದಾಣ ಬರುತ್ತದೆ. ಅಲ್ಲಿ ಚಿಕ್ಕ ಚಿಕ್ಕ ಮಣ್ಣಿನ ಕುಡಿಕೆಗಳಲ್ಲಿ ಲಾಡು ಮಾರುತ್ತಾರೆ. ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತಿರುವ ಪದಾರ್ಥ. ನಾವೂ ಒಂದು ಕುಡಿಕೆ ಕೊಂಡೆವು. ಎದುರಿಗೆ ಕುಳಿತಿದ್ದ ವೃದ್ಧರೊಬ್ಬರು, ಈ ಊರು ಲಾಡುವಿಗೆ ಮಾತ್ರವಲ್ಲ, ನಮ್ಮ ದೇಶದ ಸಂವಿಧಾನವನ್ನು ಬರೆದ ಸಭೆಯಲ್ಲಿ ಕುಳಿತಿದ್ದ ಒಬ್ಬಳೇ ಒಬ್ಬ ಮುಸ್ಲಿಂ ಹೆಂಗಸಿಗೂ ಹೆಸರಾದದ್ದು ಎಂದು ತಿಳಿಸಿದರು. ಬಿ.ಕಾಂ. ಓದುವಾಗ ಕಂಪನಿ ಕಾನೂನನ್ನು ಬಾಯಿಪಾಠ ಮಾಡಿದ್ದೆವೇ ಹೊರತು ಸಂವಿಧಾನವನ್ನು ಯಾರು ಬರೆದರೆಂದು ಡಾ. ಅಂಬೇಡ್ಕರರನ್ನು ಬಿಟ್ಟು ಬೇರೆ ಹೆಸರನ್ನು ನಾವು ವಿಚಾರಿಸಿರಲಿಲ್ಲ. ಊರಿಗೆ ಹಿಂತಿರುಗಿದ ಮೇಲೆ ಬಿಡುವಿದ್ದಾಗಲೆಲ್ಲ ಓದಿ ಸಂಗ್ರಹಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಆಕೆಯ ಹೆಸರು ಕುದ್ಸಿಯಾ. ಹುಟ್ಟಿದ್ದು 1909ನೇ ಏಪ್ರಿಲ್ 2ರಂದು, ಲಾಹೋರಿನಲ್ಲಿ. ತಂದೆ ಸರ್ ಜುಲ್ಫಿಕರ್ ಅಲಿ ಖಾನ್ ಅವರು ಪಂಜಾಬಿನ ಮಲೇರ್‌ಕೋಟ್ಲಾ ಸಂಸ್ಥಾನದ ರಾಜಮನೆತನದವರು, ರಾಜಕಾರಣದಲ್ಲಿ ಇದ್ದವರು. ತಾಯಿ ಮಹಮೂದಾ ಸುಲ್ತಾನ್ ಲೋಹಾರೂ ನವಾಬ ಅಲಾವುದ್ದೀನ್ ಅಹಮದ್ ಖಾನರ ಮಗಳು. ಈ ಲೋಹಾರೂ ಮನೆತನಕ್ಕೆ ಉರ್ದು ಮಹಾಕವಿ ಮಿರ್ಜಾ ಗಾಲಿಬ್ ನೆಂಟರು. ನವಾಬ ಅಲಾವುದ್ದೀನರು ಗಾಲಿಬರ ಶಿಷ್ಯರು. ಹೀಗೆ ಎರಡು ಕಡೆಯಿಂದಲೂ ದೊಡ್ಡ ಮನೆಯ ಮಗು. ಬಡತನದಲ್ಲಿ ಬೀದಿ ದೀಪದ ಕೆಳಗೆ ಓದಿದ ಕಥೆಯನ್ನು ಇಲ್ಲಿ ನಿರೀಕ್ಷಿಸುವವರಿಗೆ ನಿರಾಶೆಯಾದೀತು. ಆದರೆ ಆ ಕಾಲದ ದೊಡ್ಡ ಮನೆಗಳಲ್ಲಿ ಹೆಣ್ಣುಮಗಳಿಗೆ ಸಿಗುತ್ತಿದ್ದದ್ದು ದೊಡ್ಡ ಗೋಡೆಗಳು. ಜುಲ್ಫಿಕರ್ ಅಲಿ ಖಾನರು ಆ ಗೋಡೆಗೆ ಒಂದು ಕಿಟಕಿ ಇಟ್ಟರು. ಮಗಳಿಗೆ ಇಂಗ್ಲಿಷ್ ವಿದ್ಯಾಭ್ಯಾಸ ಕೊಡಿಸಿದರು.

ಇಪ್ಪತ್ತನೆಯ ವಯಸ್ಸಿಗೆ, 1929ರಲ್ಲಿ, ಮದುವೆ. ವರ ನವಾಬ್ ಐಜಾಜ್ ರಸೂಲ್. ಹರ್ದೋಯಿ ಜಿಲ್ಲೆಯ ಸಂಡೀಲಾದ ತಾಲೂಕುದಾರರು. ನಮ್ಮಲ್ಲಿ ತಾಲೂಕೆಂದರೆ ಅಮಲ್ದಾರರ ಕಚೇರಿ. ಅವಧದಲ್ಲಿ ತಾಲೂಕುದಾರನೆಂದರೆ ಹಳ್ಳಿಹಳ್ಳಿಗಳ ಕಂದಾಯವನ್ನು ಎತ್ತುವ ದೊಡ್ಡ ಜಮೀನ್ದಾರ. ಅಂದಿನಿಂದ ಕುದ್ಸಿಯಾ ಎಂಬ ಹೆಸರು ಮನೆಯೊಳಗೇ ಉಳಿಯಿತು. ಹೊರಗೆ, ಕಾಗದಪತ್ರಗಳಲ್ಲಿ, ಸರ್ಕಾರದ ದಾಖಲೆಗಳಲ್ಲಿ, ಕೊನೆಗೆ ಸಂವಿಧಾನ ಸಭೆಯ ನಡವಳಿಕೆಗಳಲ್ಲಿಯೂ ಆಕೆ ಬೇಗಂ ಐಜಾಜ್ ರಸೂಲ್, ಎಂದರೆ ಐಜಾಜ್ ರಸೂಲರ ಪತ್ನಿ. ಇದನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸ್ತಾಪ ಬರುವುದಿದೆ.

ಈಗ ಚುನಾವಣೆಯ ವಿಷಯ. 1919ರ ಸುಧಾರಣೆಗಳು ಬಂದಾಗ ಹೆಂಗಸರಿಗೆ ಮತ ಕೊಡಬೇಕೋ ಬೇಡವೋ ಎಂಬುದನ್ನು ಪ್ರಾಂತಗಳ ಸಭೆಗಳಿಗೇ ಬಿಟ್ಟಿದ್ದರು. 1921ರಲ್ಲಿ ಮದರಾಸು ಪ್ರಾಂತ ಮೊದಲು ಕೊಟ್ಟಿತು. ನಮ್ಮ ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. 1923ರ ಪ್ರಜಾಪ್ರತಿನಿಧಿ ಸಭೆಯ ಕಾನೂನಿನಿಂದ ಅಲ್ಲಿಯೂ ಹೆಂಗಸರೆಂಬ ಕಾರಣಕ್ಕೆ ಇದ್ದ ಅಡ್ಡಿ ಹೋಯಿತು. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ವಿಧಾನ ಪರಿಷತ್ತಿಗೆ ಸ್ಪರ್ಧಿಸಿ ಕೆಲವೇ ಮತಗಳಿಂದ ಸೋತದ್ದನ್ನು ಕನ್ನಡಿಗರಾದ ನಾವು ಇಲ್ಲಿ ಜ್ಞಾಪಿಸಿಕೊಳ್ಳದೆ ಹೋದರೆ ತಪ್ಪಾಗುತ್ತದೆ. ಆದರೆ ಈ ಹಕ್ಕೆಲ್ಲ ಆಸ್ತಿಯುಳ್ಳವರ ಹಕ್ಕು. ಹೆಂಗಸಿನ ಹೆಸರಿನಲ್ಲಿ ಆಸ್ತಿ ಎಲ್ಲಿಂದ ಬರಬೇಕು? ಆದ್ದರಿಂದ 1935ರ ಕಾನೂನಿನಲ್ಲಿ ಒಂದು ಉಪಾಯ ಮಾಡಿದರು: ಆಸ್ತಿಯಿಂದಾಗಿ ಮತವಿರುವ ಗಂಡಸಿನ ಹೆಂಡತಿಗೂ ಮತವುಂಟು. ಓದುಬರಹ ಬಲ್ಲವಳಿಗೂ ಉಂಟು. ಈ ಲೆಕ್ಕದಲ್ಲಿ ಸುಮಾರು 60 ಲಕ್ಷ ಹೆಂಗಸರು ಮತದಾರರಾದರು. ಗಂಡನ ಹೆಸರು ಹೇಳಿ ಓಟು ಪಡೆದ ಕಾಲವದು.

ಜೊತೆಗೆ ಇನ್ನೊಂದು ಏರ್ಪಾಟು. ಕುದ್ಸಿಯಾ ಹುಟ್ಟಿದ ಆ 1909ರಲ್ಲಿಯೇ ಮಿಂಟೋ-ಮಾರ್ಲೆ ಸುಧಾರಣೆಯ ಕಾನೂನು ಬಂದು, ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳು ಏರ್ಪಟ್ಟಿದ್ದವು. ಮುಸ್ಲಿಂ ಸ್ಥಾನಕ್ಕೆ ಮುಸ್ಲಿಮನೇ ನಿಲ್ಲಬೇಕು, ಮುಸ್ಲಿಮರೇ ಮತ ಹಾಕಬೇಕು. ಒಂದೇ ಓಣಿಯಲ್ಲಿ ಎದುರುಬದುರು ಮನೆಯವರು ಚುನಾವಣೆಯ ದಿನ ಬೇರೆ ಬೇರೆ ಪಟ್ಟಿಯವರಾಗುತ್ತಿದ್ದರು. ಓಟು ಕೇಳಲು ಬಂದವನಿಗೆ ಆಚೆ ಮನೆಯವನ ಕದ ತಟ್ಟಬೇಕಾದ ಕೆಲಸವೇ ಇಲ್ಲ. 1935ರ ಕಾನೂನೂ ಇದನ್ನು ಹಾಗೆಯೇ ಉಳಿಸಿಕೊಂಡಿತು.

ಆ ಸುಮಾರಿಗೆ ದಂಪತಿಗಳಿಬ್ಬರೂ ಮುಸ್ಲಿಂ ಲೀಗನ್ನು ಸೇರಿದರು. 1937ರ ಚುನಾವಣೆಯಲ್ಲಿ ಬೇಗಂ ಸಂಯುಕ್ತ ಪ್ರಾಂತದ ಮೇಲ್ಮನೆಗೆ, ಎಂದರೆ ವಿಧಾನ ಪರಿಷತ್ತಿಗೆ, ಉಮೇದುವಾರರಾದರು. ಹೆಂಗಸರಿಗೆಂದು ಕಾದಿಟ್ಟ ಸ್ಥಾನಕ್ಕಲ್ಲ. ಗಂಡಸರಿಗೆ ಎದುರಾಗಿ ನಿಲ್ಲಬೇಕಾದ ಸ್ಥಾನಕ್ಕೆ. ಪ್ರಚಾರಕ್ಕೆ ಗೋಷಾ ಬಿಟ್ಟು ಹೊರಟರು. ಗೋಷಾ ಎಂದರೇನೆಂದು ನಮ್ಮ ಹಿರಿಯರಿಗೆ ವಿವರಿಸಬೇಕಾಗಿಲ್ಲ, ಬೆಂಗಳೂರಿನ ಗೋಷಾ ಆಸ್ಪತ್ರೆಯ ಹೆಸರನ್ನು ಎಲ್ಲರೂ ಬಲ್ಲರು; ಹೆಣ್ಣು ಪರಪುರುಷರ ಕಣ್ಣಿಗೆ ಬೀಳದಂತೆ ತೆರೆಯ ಹಿಂದೆ ಇರುವ ಪದ್ಧತಿ. ಅದನ್ನು ಮೀರಿದ ಹೆಂಗಸಿಗೆ ಮತ ಕೊಡುವುದು ಧರ್ಮಕ್ಕೆ ವಿರುದ್ಧವೆಂದು ಉಲೇಮಾಗಳು ಫತ್ವಾ ಹೊರಡಿಸಿದರು. ಮತದಾರರೆಲ್ಲ ಮುಸ್ಲಿಮರು, ಮೇಲ್ಮನೆಯ ಮತವಿದ್ದದ್ದೋ ಭಾರಿ ಆಸ್ತಿವಂತರಿಗೆ, ಸಂಪ್ರದಾಯಸ್ಥರಿಗೆ. ಇಷ್ಟಾದರೂ ಆಕೆ ಗೆದ್ದರು. ಫತ್ವಾ ಕಾಗದದಲ್ಲಿ ಉಳಿಯಿತು, ಮತಗಳು ಪೆಟ್ಟಿಗೆಯಲ್ಲಿ ಬಿದ್ದವು. ನವಾಬರ ಮನೆಯ ಪ್ರಭಾವ ಇದರಲ್ಲಿ ಕೆಲಸ ಮಾಡಲಿಲ್ಲವೇ ಎಂದರೆ, ಮಾಡಿತು ಎಂದೇ ನಮ್ಮ ಎಣಿಕೆ. ಆದರೆ ಅಂಥ ಪ್ರಭಾವವಿದ್ದ ಮನೆಗಳು ಅವಧದಲ್ಲಿ ನೂರಾರು ಇದ್ದವು; ಗೋಷಾ ಸರಿಸಿ ಮತ ಕೇಳಲು ಬಂದ ಸೊಸೆಯಂದಿರು ಅಷ್ಟು ಮಂದಿ ಇರಲಿಲ್ಲ.

ಅದೇ ವರ್ಷ ಪರಿಷತ್ತಿನ ಉಪಾಧ್ಯಕ್ಷರ ಸ್ಥಾನಕ್ಕೆ ಆಕೆಯನ್ನು ಆರಿಸಿದರು. 1940ರವರೆಗೆ ಆ ಪದವಿಯಲ್ಲಿದ್ದರು. ವಯಸ್ಸು ಇಪ್ಪತ್ತೆಂಟು. ಮೀಸೆ ನೆರೆತ ಜಮೀನ್ದಾರರೂ ಬ್ಯಾರಿಸ್ಟರುಗಳೂ ಮಾತನಾಡಲು ಈಕೆಯ ಅಪ್ಪಣೆಗೆ ಕಾಯಬೇಕಾಯಿತು.

ಮುಂದಿನ ಹತ್ತು ವರ್ಷಗಳನ್ನು ಬೇಗ ದಾಟುತ್ತೇವೆ. 1940ರಲ್ಲಿ ಲೀಗು ಲಾಹೋರಿನಲ್ಲಿ ತನ್ನ ನಿರ್ಣಯ ಮಾಡಿತು. ದೇಶ ಒಡೆಯುವ ದಾರಿ ಹಿಡಿಯಿತು. ಬೇಗಂ ಲೀಗಿನಲ್ಲಿಯೇ ಇದ್ದರು. ಆಕೆಯ ಚರಿತ್ರೆ ಬರೆಯುವವರು ಇದನ್ನು ಮುಚ್ಚಿಡಬಾರದು, ನಾವೂ ಮುಚ್ಚಿಡುವುದಿಲ್ಲ. ಆದರೆ 1947 ಬಂದಾಗ, ಹುಟ್ಟಿದ ಲಾಹೋರು ಗಡಿಯ ಆಚೆಗೆ ಹೋಯಿತು. ಸೇರಿದ ಸಂಡೀಲಾ ಈಚೆಗೆ ಉಳಿಯಿತು. ದಂಪತಿಗಳು ಈಚೆಗೇ ನಿಂತರು. ತವರೂರು ಪರದೇಶವಾಗುವುದೆಂದರೆ ಏನೆಂಬುದು, ರೈಲು ಹತ್ತಿದರೆ ಮೂರನೆಯ ದಿನ ತವರು ಸೇರುವ ನಮ್ಮ ಮನೆಯ ಹೆಂಗಸರಿಗೆ ಊಹೆಗೂ ನಿಲುಕದ ಸಂಗತಿ.

ಸಂವಿಧಾನ ಸಭೆ 1946ನೇ ಡಿಸೆಂಬರ್ 9ರಂದು ಸೇರಿದಾಗ ಲೀಗಿನವರು ಬಂದಿರಲಿಲ್ಲ. ಭಾರತದಲ್ಲಿ ಉಳಿಯುವ ಲೀಗ್ ಸದಸ್ಯರು ಒಳಬಂದದ್ದು 1947ರ ಜುಲೈನಲ್ಲಿ. ಸಂಯುಕ್ತ ಪ್ರಾಂತದ ನಾಯಕ ಚೌಧರಿ ಖಲೀಕುಜ್ಜಮಾನರು ಆ ಬಳಿಕ ಪಾಕಿಸ್ತಾನಕ್ಕೆ ಹೊರಟುಹೋದರು. ಹಿಂದೆ ಉಳಿದ ಲೀಗಿನ ಗುಂಪಿಗೆ ನಾಯಕತ್ವ ವಹಿಸಿದವರಲ್ಲಿ ಬೇಗಂ ಐಜಾಜ್ ರಸೂಲ್ ಮುಖ್ಯರು. ಸಭೆಯಲ್ಲಿದ್ದ ಹೆಂಗಸರು ಒಟ್ಟು ಹದಿನೈದು ಮಂದಿ. ಸರೋಜಿನಿ ನಾಯ್ಡು, ರಾಜಕುಮಾರಿ ಅಮೃತ್ ಕೌರ್, ಹಂಸಾ ಮೆಹತಾ, ದುರ್ಗಾಬಾಯಿ, ದಾಕ್ಷಾಯಿಣಿ ವೇಲಾಯುಧನ್ ಮೊದಲಾದವರು. ಮುಸ್ಲಿಮರು ಈಕೆ ಒಬ್ಬರೇ. ಕನ್ನಡನಾಡಿನವರು ಒಬ್ಬರೂ ಇಲ್ಲ, ಅದೂ ಒಂದು ಕೊರತೆಯೇ.

ಸಭೆಯ ಮುಂದೆ ಬಂದ ಕಠಿಣ ಪ್ರಶ್ನೆಗಳಲ್ಲಿ ಅಲ್ಪಸಂಖ್ಯಾತರ ಪ್ರಾತಿನಿಧ್ಯದ ಪ್ರಶ್ನೆ ಒಂದು. 1947ರ ಆಗಸ್ಟಿನಲ್ಲಿ ಒಂದು ರಾಜಿಯಾಯಿತು: ಪ್ರತ್ಯೇಕ ಮತಕ್ಷೇತ್ರ ಬೇಡ, ಎಲ್ಲರೂ ಒಂದೇ ಪಟ್ಟಿಯಲ್ಲಿ ಮತ ಹಾಕಲಿ, ಆದರೆ ಮುಸ್ಲಿಮರಿಗೆ ಜನಸಂಖ್ಯೆಗೆ ತಕ್ಕಷ್ಟು ಸ್ಥಾನಗಳನ್ನು ಕಾದಿಡೋಣ. ಮಲಬಾರಿನ ಪೋಕರ್ ಸಾಹೇಬರು ಪ್ರತ್ಯೇಕ ಮತಕ್ಷೇತ್ರವೇ ಇರಲೆಂದು ತಿದ್ದುಪಡಿ ತಂದರು, ಅದು ಬಿದ್ದುಹೋಯಿತು. ರಾಜಿಯ ಮಾತೇ 1948ರ ಕರಡಿನಲ್ಲಿ ಸೇರಿತು.

ಎಲ್ಲರೂ ಅಲ್ಲಿಗೆ ಸುಮ್ಮನಾಗಬಹುದಿತ್ತು. 1948ರ ನವೆಂಬರಿನಲ್ಲಿ ಕರಡಿನ ಮೇಲೆ ಚರ್ಚೆ ನಡೆದಾಗ ಬೇಗಂ ಎದ್ದು ನಿಂತು, ಈ ಕಾದಿಟ್ಟ ಸ್ಥಾನಗಳೂ ಬೇಡವೆಂದರು. ಇದು ಅಲ್ಪಸಂಖ್ಯಾತರು ತಮ್ಮ ಕೈಯಾರೆ ತಮಗೇ ಮಾಡಿಕೊಳ್ಳುವ ಘಾತ. ಬಹುಸಂಖ್ಯಾತರಿಂದ ಅವರನ್ನು ಎಂದೆಂದಿಗೂ ಬೇರೆಯಾಗಿಯೇ ನಿಲ್ಲಿಸುತ್ತದೆ ಎಂಬುದು ಆಕೆಯ ವಾದ. ಸ್ಥಾನ ಕಾದಿಟ್ಟಿದ್ದರೆ ಉಳಿದ ಕ್ಷೇತ್ರಗಳ ಉಮೇದುವಾರರಿಗೆ ಮುಸ್ಲಿಂ ಮತದಾರನ ಗೊಡವೆಯೇ ಇರುವುದಿಲ್ಲ. ಎಲ್ಲೆಡೆಯೂ ಎಲ್ಲರ ಮತವೂ ಬೇಕಾದರೆ, ಬೇಕಾದವನು ಕದ ತಟ್ಟಲೇಬೇಕು. ಓಟಿನ ವ್ಯವಹಾರ ಹೀಗೆಯೇ ನಡೆಯುವುದೆಂದು ಲೆಕ್ಕ ಬಲ್ಲ ಯಾರೂ ಒಪ್ಪುತ್ತಾರೆ.

ಯಾರು ಈ ಮಾತನ್ನು ಆಡುತ್ತಿದ್ದಾರೆಂಬುದನ್ನು ವಾಚಕರು ಗಮನಿಸಬೇಕು. 1937ರಲ್ಲಿ ಆಕೆ ಗೆದ್ದದ್ದು ಪ್ರತ್ಯೇಕ ಮತಕ್ಷೇತ್ರದಿಂದ. ಸಂವಿಧಾನ ಸಭೆಗೆ ಬಂದದ್ದೂ ಸಂಯುಕ್ತ ಪ್ರಾಂತದ ಪಾಲಿಗೆ ಬಂದ ಎಂಟು ಮುಸ್ಲಿಂ ಸ್ಥಾನಗಳಲ್ಲಿ ಒಂದರಿಂದ. ತಾವು ಹಾದುಬಂದ ಬಾಗಿಲನ್ನೇ ಮುಚ್ಚಿರೆಂದು ಕೇಳುತ್ತಿದ್ದರು. ವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ. ಮುಸ್ಲಿಂ ಸದಸ್ಯರಲ್ಲಿ ಬಹುಮಂದಿಗೆ ಕಾದಿಟ್ಟ ಸ್ಥಾನವೆಂದರೆ ಉಳಿದಿದ್ದ ಒಂದೇ ಆಸರೆ. ಅದನ್ನೂ ಬಿಟ್ಟುಬಿಡೋಣವೆಂದು ಸ್ವಂತ ಜನರಿಗೆ ಹೇಳುವುದು ಸುಲಭವಲ್ಲ. ಆಕೆ ಒಬ್ಬೊಬ್ಬರೊಡನೆ ವಾದಿಸಿದರು. 1949ರ ಮೇ 11ರಂದು ಸರ್ದಾರ್ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿ, ಧಾರ್ಮಿಕ ಅಲ್ಪಸಂಖ್ಯಾತರಿಗೆ ಸ್ಥಾನ ಕಾದಿಡುವುದನ್ನು ಕೈಬಿಡುವ ತೀರ್ಮಾನಕ್ಕೆ ಬಂದಿತು. ಸಭೆಯಲ್ಲಿ ಚರ್ಚೆ ಮೇ 25 ಮತ್ತು 26ರಂದು. ಮದರಾಸಿನ ಮುಹಮ್ಮದ್ ಇಸ್ಮಾಯಿಲ್ ಸಾಹೇಬರು ಕಟುವಾಗಿ ವಿರೋಧಿಸಿದರು, ಬೇಗಂ ಬೆಂಬಲಿಸಿದರು, ತೀರ್ಮಾನ ಅಂಗೀಕಾರವಾಯಿತು. ಆಕೆ ಹುಟ್ಟಿದ ವರ್ಷ ಏರ್ಪಟ್ಟದ್ದು ಆಕೆಯ ನಲವತ್ತನೆಯ ವರ್ಷದಲ್ಲಿ ಹೋಯಿತು.

ಆಕೆ ಮಾಡಿದ್ದು ಸರಿಯೇ? ಈ ಪ್ರಶ್ನೆಯನ್ನು ನಾವು ಬಹಳ ದಿನ ತಲೆಯಲ್ಲಿ ಹೊತ್ತುಕೊಂಡು ತಿರುಗಿದ್ದೇವೆ. ದಿಲ್ಲಿಯಲ್ಲಿ ನಾವೂ ಎಣಿಕೆಗೆ ಕಡಿಮೆಯವರೇ. ಚುನಾವಣೆ ಬಂದಾಗ ಕನ್ನಡ ಸಂಘದ ಬಾಗಿಲಿಗೂ ಒಬ್ಬಿಬ್ಬರು ಉಮೇದುವಾರರು ಬಂದು ಕೈಮುಗಿಯುತ್ತಾರೆ, ಎರಡು ಕನ್ನಡ ಮಾತು ಕಲಿತುಬಂದು ಆಡುತ್ತಾರೆ, ಚಪ್ಪಾಳೆ ಗಿಟ್ಟಿಸುತ್ತಾರೆ. ನಮಗೆಂದೇ ಬೇರೆ ಪಟ್ಟಿ ಇದ್ದಿದ್ದರೆ ಅವರು ಬರುತ್ತಿರಲಿಲ್ಲ. ಇದು ಬೇಗಂ ಅವರ ಪಕ್ಷದ ಮಾತು. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ಬರೆಯಬೇಕಲ್ಲ. 1952ರಿಂದ 2024ರ ಚುನಾವಣೆಯವರೆಗೆ ಲೋಕಸಭೆಗೆ ಆರಿಸಿಬಂದ ಮುಸ್ಲಿಂ ಮಹಿಳೆಯರು ಒಟ್ಟು ಹದಿನೆಂಟೇ ಮಂದಿ. ಮೊದಲನೆಯ ಲೋಕಸಭೆಯಲ್ಲಿ ಒಬ್ಬರೂ ಇರಲಿಲ್ಲ. 1957ರಲ್ಲಿ ಅಸ್ಸಾಮಿನ ಜೋರ್ಹಾಟಿನಿಂದ ಮೊಫಿದಾ ಅಹಮದ್, ಭೋಪಾಲದಿಂದ ಮೈಮೂನಾ ಸುಲ್ತಾನ್ ಬಂದರು. ದಕ್ಷಿಣದ ಐದು ರಾಜ್ಯಗಳಿಂದ, ನಮ್ಮ ಕರ್ನಾಟಕವೂ ಸೇರಿ, ಒಬ್ಬರೂ ಇಲ್ಲ. ಕಲಬುರಗಿ ಉತ್ತರ ಕ್ಷೇತ್ರದವರು 2018ರಲ್ಲಿಯೂ 2023ರಲ್ಲಿಯೂ ಕನೀಜ್ ಫಾತಿಮಾ ಅವರನ್ನು ವಿಧಾನಸಭೆಗೆ ಕಳಿಸಿದ್ದು ಸಮಾಧಾನದ ಸಂಗತಿ. ಆದರೆ ವಿಧಾನಸಭೆ ಬೇರೆ, ಲೋಕಸಭೆ ಬೇರೆ. ಕದ ತಟ್ಟುವವರು ಬಂದರು ಸರಿ. ಮತ ಕೇಳಲು ಬಂದರೇ ಹೊರತು ಟಿಕೇಟು ಕೊಡಲು ಬರಲಿಲ್ಲ. ಬೇಗಂ ಅವರ ಲೆಕ್ಕದಲ್ಲಿ ಪಕ್ಷಗಳ ಔದಾರ್ಯದ ಬಾಬ್ತು ತುಸು ಹೆಚ್ಚಾಗಿಯೇ ಜಮೆಯಾಗಿತ್ತೆಂದು ನಮಗೆ ತೋರುತ್ತದೆ. ಆದರೂ 1949ರ ಆ ಮೇ ತಿಂಗಳಲ್ಲಿ, ಎರಡು ಕಡೆಯ ನಂಬಿಕೆಯೂ ದಿವಾಳಿಯೆದ್ದಿದ್ದಾಗ, ಮೊದಲು ಠೇವಣಿ ಇಟ್ಟವರು ಆಕೆ ಎಂಬುದನ್ನು ಅಲ್ಲಗಳೆಯಲಾಗದು.

ಈಗ ಹೆಸರಿನ ವಿಷಯಕ್ಕೆ ಬರೋಣ. 1951-52ರ ಮೊದಲನೆಯ ಮಹಾಚುನಾವಣೆಯಲ್ಲಿ ಇಪ್ಪತ್ತೊಂದು ತುಂಬಿದ ಎಲ್ಲರಿಗೂ ಮತ. ಆಸ್ತಿ ಬೇಕಿಲ್ಲ, ಓದು ಬೇಕಿಲ್ಲ, ಗಂಡನೂ ಬೇಕಿಲ್ಲ. ಪಟ್ಟಿ ಬರೆಯುವವರು ಮನೆಮನೆಗೆ ಹೋದರು. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಮಧ್ಯಭಾರತ, ವಿಂಧ್ಯ ಪ್ರದೇಶಗಳಲ್ಲಿ ಲಕ್ಷಾಂತರ ಹೆಂಗಸರು, ಹಿಂದೂಗಳೂ ಮುಸ್ಲಿಮರೂ, ಪರಪುರುಷನಿಗೆ ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ, ಇಂಥವನ ಮಗಳು ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಹೇಳಲೇಬೇಕೆಂದರು. ಅವಧಿ ಕೊಟ್ಟರೂ ಹೇಳದೆ ಉಳಿದ ಸುಮಾರು 28 ಲಕ್ಷ ಹೆಂಗಸರ ಹೆಸರನ್ನು, ಹೆಸರೇ ಇಲ್ಲದ್ದರಿಂದ, ಪಟ್ಟಿಯಿಂದ ತೆಗೆದುಹಾಕಲಾಯಿತು. 1937ರಲ್ಲಿ ಮತ ಕೊಡಿಸಿದ ಗಂಡನ ಹೆಸರು 1951ರಲ್ಲಿ ಮತ ಕಳೆಯಿತು. ದೇಶಕ್ಕೆಲ್ಲ ಗೊತ್ತಿದ್ದ ನಮ್ಮ ಬೇಗಂ ಕೂಡ ಐಜಾಜ್ ರಸೂಲರ ಹೆಂಡತಿಯೆಂಬ ಹೆಸರಿನಿಂದಲೇ ಗೊತ್ತಿದ್ದರೆಂಬುದನ್ನು ನೆನೆದಾಗ ಏನು ಹೇಳಬೇಕೋ ತಿಳಿಯುವುದಿಲ್ಲ.

ನಮ್ಮ ಕೌಂಟರಿನಲ್ಲಿ ಈ ಕಥೆ ಇನ್ನೂ ಮುಗಿದಿಲ್ಲ. 2014ರಲ್ಲಿ ಜನಧನ ಖಾತೆಗಳು ಬಂದ ಮೇಲೆ ಸಾಲುಗಟ್ಟಿ ಬಂದ ಹೆಂಗಸರಲ್ಲಿ ಎಷ್ಟೋ ಮಂದಿ, ಹೆಸರೇನೆಂದು ಕೇಳಿದರೆ ಮಗನ ಮುಖ ನೋಡುತ್ತಿದ್ದರು. ರೇಷನ್ ಕಾರ್ಡಿನಲ್ಲಿ ಬಾನು, ಆಧಾರಿನಲ್ಲಿ ಬೇಗಂ, ಮತದಾರರ ಚೀಟಿಯಲ್ಲಿ ಖಾತೂನ್. ಮೂವರೂ ಒಬ್ಬಳೇ ಎಂದು ನಂಬಿಸಲು ಆಕೆ ನಾಲ್ಕು ಸಲ ಓಡಾಡಬೇಕು. ಮೊದಮೊದಲು ನಾವು ಸಿಡುಕಿದ್ದೂ ಉಂಟು. ಅನ್ಯರ ಮಾತೇಕೆ, ನಮ್ಮ ಮನೆಯಾಕೆಯ ಹೆಸರು ಮದುವೆಯಾಗಿ ಏಳು ವರ್ಷವಾದರೂ ತವರೂರಿನ ಪಟ್ಟಿಯಲ್ಲಿಯೇ ಇತ್ತು. ಚುನಾವಣೆಗೆ ಅಲ್ಲಿಗೆ ಹೋಗುವಂತಿಲ್ಲ, ಇಲ್ಲಿ ಹೆಸರಿಲ್ಲ. ಎರಡು ಚುನಾವಣೆ ಹಾಗೆಯೇ ಕಳೆದುವು. ಅರ್ಜಿ ತುಂಬಿಕೊಡಲು ಬ್ಯಾಂಕಿನ ಗುಮಾಸ್ತನಾದ ಗಂಡನಿಗೆ ಪುರುಸೊತ್ತಿರಲಿಲ್ಲ. ಈ ಲೇಖನಕ್ಕೆ ಓದತೊಡಗಿದ ಮೇಲೆ ಪುರುಸೊತ್ತಾಯಿತು.

ಉಳಿದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಲೀಗು ಕರಗಿದ ಮೇಲೆ, 1950ರಲ್ಲಿ ಆಕೆ ಕಾಂಗ್ರೆಸ್ಸನ್ನು ಸೇರಿದರು. ಅವಧದ ಜಮೀನ್ದಾರಿ ಪದ್ಧತಿ ರದ್ದಾಗಿ ತಾಲೂಕುದಾರಿಗಳು ಮುಗಿದವು, ಸಂಡೀಲಾದ್ದೂ ಮುಗಿಯಿತು. 1952ರಲ್ಲಿ ರಾಜ್ಯಸಭೆಗೆ ಬಂದರು. 1969ರಲ್ಲಿ ಉತ್ತರ ಪ್ರದೇಶದ ವಿಧಾನಸಭೆಗೆ ಆರಿಸಿಬಂದು 1971ರವರೆಗೆ ಸಮಾಜ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಖಾತೆಯ ಮಂತ್ರಿಗಳಾಗಿದ್ದರು.

ಇವೆಲ್ಲಕ್ಕಿಂತ ನಮಗೆ ಹಿಡಿಸಿದ್ದು ಆಕೆಯ ಹಾಕಿಯ ಹುಚ್ಚು. ಗೋಷಾದಲ್ಲಿದ್ದು ಬಂದ ಈಕೆ ಸುಮಾರು ಇಪ್ಪತ್ತು ವರ್ಷ ಭಾರತೀಯ ಮಹಿಳಾ ಹಾಕಿ ಒಕ್ಕೂಟದ ಅಧ್ಯಕ್ಷರು. ಏಷ್ಯಾದ ಮಹಿಳಾ ಹಾಕಿ ಒಕ್ಕೂಟಕ್ಕೂ ಅಧ್ಯಕ್ಷರಾಗಿದ್ದರು. ಹುಡುಗಿಯರು ಮೊಣಕಾಲಿನ ತನಕ ಲಂಗ ತೊಟ್ಟು ಬಯಲಲ್ಲಿ ಓಡುವ ಆಟ. 1960ರ ದಶಕದಲ್ಲಿ ರಾಷ್ಟ್ರೀಯ ಪಂದ್ಯಗಳನ್ನು ವರ್ಷವರ್ಷವೂ ಗೆದ್ದ ತಂಡ ಯಾವುದೆಂದರೆ ನಮ್ಮ ಮೈಸೂರು ರಾಜ್ಯದ ಹುಡುಗಿಯರ ತಂಡ! ಬೆಂಗಳೂರಿನ ಎಲ್ವೆರಾ ಬ್ರಿಟ್ಟೋ ಅದರ ನಾಯಕಿ. 1965ರ ಅರ್ಜುನ ಪ್ರಶಸ್ತಿ ಆಕೆಗೆ ಸಂದಿತು. ಸಂಪಾದಕ ಮಂಡಲಿಯವರು ಕೇಳಿದ ಕನ್ನಡದ ಸಂಬಂಧಕ್ಕೆ ಇದಕ್ಕಿಂತ ಹೆಚ್ಚಿನದನ್ನು ಒದಗಿಸುವುದು ನಮ್ಮಿಂದಾಗದು. ಬೇಗಂ ರಸೂಲ್ ಟ್ರೋಫಿ ಎಂದು ಆಕೆಯ ಹೆಸರಿನ ಪಂದ್ಯವೂ ನಡೆಯಿತು. ಹೆಸರು ಅಲ್ಲಿಯೂ ಗಂಡನದೇ.

2000ದಲ್ಲಿ ಸರ್ಕಾರ ಪದ್ಮಭೂಷಣ ಕೊಟ್ಟಿತು. ಮರುವರ್ಷ ಆತ್ಮಚರಿತ್ರೆ ಇಂಗ್ಲಿಷಿನಲ್ಲಿ ಹೊರಬಂದಿತು. ಫ್ರಂ ಪರ್ದಾ ಟು ಪಾರ್ಲಿಮೆಂಟ್ ಎಂದು ಅದರ ಹೆಸರು. ಅದೇ 2001ರ ಆಗಸ್ಟ್ 1ರಂದು, ತೊಂಬತ್ತೆರಡನೆಯ ವಯಸ್ಸಿನಲ್ಲಿ, ಬೇಗಂ ತೀರಿಕೊಂಡರು.

ಸಂಡೀಲಾದ ಲಾಡುವಿನ ಕುಡಿಕೆ ನಮ್ಮ ಅಡಿಗೆಮನೆಯಲ್ಲಿ ಇನ್ನೂ ಇದೆ. ಮನೆಯಾಕೆ ಅದರಲ್ಲಿ ಚಿಲ್ಲರೆ ದುಡ್ಡು ಹಾಕಿಡುತ್ತಾಳೆ. ಕಳೆದ ಚುನಾವಣೆಯ ಬೆಳಿಗ್ಗೆ ಆಟೋಕ್ಕೆ ಕೊಡಲು ಅದರಿಂದಲೇ ಎಣಿಸಿಕೊಂಡು, ನಮ್ಮನ್ನು ಕಾಯದೆ, ನಮಗಿಂತ ಮೊದಲೇ ಹೋಗಿ ಓಟು ಹಾಕಿ ಬಂದಳು.